ಬಾಗಿಲು ಬಡಿಯುವ ಹಾಡು

ಮನುಕುಲದ ಇತಿಹಾಸದಲ್ಲಿ ಫ್ಯೂಸ್ ತಂತಿಗೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ. ಆ ಸಂಜೆ ಮೂರಂತಸ್ತಿನ ಕಟ್ಟಡವೊಂದರಲ್ಲಿ ಅದು ಎರಡು ಸಲ ಸುಟ್ಟು ಕ್ರಾಂತಿಯನ್ನೇ ಎಬ್ಬಿಸಿತು.

ಸುಟ್ಟವನು ಮೇಲ್ಮಹಡಿಯ ಗುಮಾಸ್ತ. ಹಗಲು ವಿಮಾ ಕಚೇರಿಯಲ್ಲಿ ಕಂಡಕಂಡವರಿಗೆಲ್ಲ ತಲೆಯಾಡಿಸುವ ಈತ, ಸಂಜೆಯಾದರೆ ‘ಕಿಡಿ’ ಎಂಬ, ಯಂತ್ರಗಳಲ್ಲೇ ಬಂಡಾಯದ ಹಾಡು ನುಡಿಸುವ ಪೋಸ್ಟ್-ಪಂಕ್ ಎಲೆಕ್ಟ್ರಾನಿಕ್ ತಂಡದ ಗಾಯಕ. ತಂಡವೆಂದರೆ ಇವನು, ಕೀಬೋರ್ಡ್ ನುಡಿಸುವ ತಂಗಿ, ಮತ್ತು ಹೊಟ್ಟೆನೋವು ಬಂದ ಫ್ರಿಜ್ಜಿನಂತೆ ನರಳುವ ಒಂದು ಡ್ರಮ್ ಮೆಷೀನು. ಆರು ತಿಂಗಳಿಂದ ಒಂದೇ ಹಾಡಿನ ತಾಲೀಮು: “ಸಹಿಸಿದ್ದು ಸಾಕು, ಬಾಗಿಲು ಬಡಿ!” ನಿದ್ದೆಹೋದ ಸಮಾಜವನ್ನು ಎಬ್ಬಿಸುವುದು ಉದ್ದೇಶ. ಕೆಳಗಿನ ಎರಡು ಮಹಡಿಗಳಲ್ಲಿದ್ದ ಸಮಾಜಕ್ಕಂತೂ ಆರು ತಿಂಗಳಿಂದ ನಿದ್ದೆಯೇ ಇರಲಿಲ್ಲ.

ಸಂಗೀತೋತ್ಸವಕ್ಕೆ ಹೊಸ ತಂಡಗಳನ್ನು ಆರಿಸುವಾಕೆ ಅಂದು ಹಾಡು ಕೇಳಲು ಬರುವವರಿದ್ದರು. ಗುಮಾಸ್ತ ಇದ್ದಬದ್ದ ಯಂತ್ರಗಳನ್ನೆಲ್ಲ ಒಂದೇ ಪ್ಲಗ್ಗಿಗೆ ಚುಚ್ಚಿದ. ಟಪ್! ಇಡೀ ಕಟ್ಟಡ ಕತ್ತಲಾಯಿತು.

ನೆಲಮಹಡಿಯಲ್ಲಿ ಮದುವೆಯ ಕೋಟು ಹೊಲಿಯುತ್ತಿದ್ದ ಟೈಲರಮ್ಮ ಕೂಗಿದರು: “ಏನಪ್ಪಾ, ನಾಳೆ ಮದುಮಗ ಒಂದೇ ತೋಳಿನ ಕೋಟು ಹಾಕ್ಕೊಂಡು ನಿಲ್ಬೇಕಾ?”

“ಸಮಾಜಕ್ಕೋಸ್ಕರ ಸ್ವಲ್ಪ ಸಹಿಸ್ಕೊಳ್ಳಿ ಅಮ್ಮಾ!”

ಫ್ಯೂಸ್ ಕಟ್ಟಿ ಬಂದ. ತಂಗಿ, “ಅಣ್ಣಾ, ಮೆಷೀನ್ ಬೇಡ, ಕೈ ತಟ್ಟೋಣ” ಎಂದಳು.

“ಕೈ ತಟ್ಟೋದು ಹುಟ್ಟುಹಬ್ಬಕ್ಕೆ. ನಾವು ಎಲೆಕ್ಟ್ರಾನಿಕ್ಕು!” ಎಂದು ಗುಂಡಿ ಒತ್ತಿದ. ಟಪ್!

ಈ ಸಲ ಯಾರೂ ಕೂಗಲಿಲ್ಲ. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಕೇಳಿಸಿತು. ಗುಮಾಸ್ತ ಚಿಲಕ ಹಾಕಿದ.

ಟೈಲರಮ್ಮ ಕತ್ತರಿಯಿಂದ ಮೆಟ್ಟಿಲ ಕಂಬಿ ಕುಟ್ಟಿದರು. ನಡುಮಹಡಿಯ ನಿವೃತ್ತ ಮೇಷ್ಟ್ರು ಊರುಗೋಲಿನಿಂದ ನೆಲ ಗುದ್ದಿದರು. ಸಿಟ್ಟಿನಲ್ಲಿ ಬೈಗುಳ ತೋಚದೆ, ಇಬ್ಬರ ಬಾಯಿಂದಲೂ ಕೇಳಿ ಕೇಳಿ ಬಾಯಿಪಾಠವಾಗಿದ್ದುದೇ ಹೊರಬಿತ್ತು: “ಸಹಿಸಿದ್ದು ಸಾಕು, ಬಾಗಿಲು ಬಡಿ!” ಬಡಿದರು.

“ಅಣ್ಣಾ, ಜನ ಎದ್ದುಬಿಟ್ರು!”

“ಮೊದ್ಲು ಮಂಚ ಅಡ್ಡ ಎಳಿ!”

ಥಟ್ಟನೆ ಸದ್ದು ನಿಂತಿತು. ಹೊರಗೆ ಹೊಸ ದನಿ: “ಅದ್ಭುತ! ಕರೆಂಟೇ ಇಲ್ದೆ ಇಷ್ಟು ಕಾವು! ಇದೇ ತಂಡ ನಮಗೆ ಬೇಕಾಗಿದ್ದು. ಹಾಡು ಪೂರ್ತಿ ಬರುತ್ತಾ?”

“ನಿದ್ದೆಗಣ್ಣಲ್ಲೂ ಬರುತ್ತೆ” ಎಂದರು ಮೇಷ್ಟ್ರು.

“ಉತ್ಸವದಲ್ಲಿ ಹಾಡ್ತೀರಾ?”

“ಅಲ್ಲಿ ಕರೆಂಟ್ ಇರುತ್ತಾ?” ಎಂದು ಟೈಲರಮ್ಮ ಖಚಿತಪಡಿಸಿಕೊಂಡರು.

ಗುಮಾಸ್ತ ಮಂಚ ಸರಿಸಿ, ಕೊರಳ ತುಂಬ ವೈರು ಸುತ್ತಿಕೊಂಡೇ ಹೊರಗೆ ಬಿದ್ದ. ಉತ್ಸವದಾಕೆ ಅವನ ಮುಖಕ್ಕೆ ಟಾರ್ಚು ಬಿಟ್ಟು, “ಇವರು?” ಎಂದರು.

“ಕರೆಂಟ್ ಕೆಲಸದೋನು,” ಎಂದರು ಮೇಷ್ಟ್ರು, “ಅದೂ ಸರಿಯಾಗಿ ಬರಲ್ಲ. ಅಲ್ವೇನಪ್ಪಾ?”

ಗುಮಾಸ್ತ ಅಭ್ಯಾಸಬಲದಿಂದ ತಲೆಯಾಡಿಸಿದ.

ಉತ್ಸವದಲ್ಲಿ ಟೈಲರಮ್ಮ ಹಾಡಿದರು. ಗುಮಾಸ್ತ ಫ್ಯೂಸ್ ಪೆಟ್ಟಿಗೆಯ ಪಕ್ಕ ನಿಂತಿದ್ದ.