ಯಜಮಾನರು ಮಲಗಿದ್ದಾರೆ

ಆಗ ನನಗೆ ಅರವತ್ತಾರು ವರ್ಷ. ಇದು ನಾಲ್ಕು ವರ್ಷದ ಹಿಂದಿನ ಮಾತು. ಹೆಂಡತಿಗೆ ಹೆದರುವ ಗಂಡಸರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆದರೆ ನನ್ನ ಅಂಗಳಕ್ಕೆ ಕಾಂಕ್ರೀಟು ಹಾಕಿದ ಠೇಕೇದಾರನಷ್ಟು ಹೆದರುವವನು ಇಡೀ ಪುಣೆಯಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ. ಉಸುಕು ಸೋಸಬೇಕೆಂದರೂ ಹೆಂಡತಿಯ ಮಾತು, ಸಿಮೆಂಟು ಕಲಸಬೇಕೆಂದರೂ ಹೆಂಡತಿಯ ಮಾತು! ಇಂಥವನ ಕೈಗೆ ಕೆಲಸ ಕೊಟ್ಟ ನನಗೆ ಬುದ್ಧಿ ಇತ್ತೇ?

ಮೊದಲು ಅಂಗಳದ ವಿಷಯ ಹೇಳಿಬಿಡುತ್ತೇನೆ. ಮಗರಪಟ್ಟಾದಲ್ಲಿ ಎತ್ತರದ ಮನೆಗಳಿವೆಯಲ್ಲ, ಅವಕ್ಕೆ ಕಾಂಕ್ರೀಟು ಹೊತ್ತವರಲ್ಲಿ ನಾನೂ ಒಬ್ಬಳು. ಅಷ್ಟು ಮಂದಿಯ ಕಾಲಡಿಗೆ ಗಟ್ಟಿ ನೆಲ ಹಾಕಿದವಳ ಸ್ವಂತ ಅಂಗಳ ಮಾತ್ರ ಮಣ್ಣು. ಹಿಂದಿನ ಮಳೆಗಾಲದಲ್ಲಿ ಆ ಕೆಸರಿನಲ್ಲಿ ಜಾರಿ ಬಿದ್ದೆ. ಸೊಂಟ ಹಿಡಿದು ಏಳಲಾಗಲಿಲ್ಲ. ಹಾಲಿನವನು ಬರುವ ತನಕ ಮಳೆಯಲ್ಲಿ ಅಲ್ಲೇ ಬಿದ್ದಿದ್ದೆ. ನನಗೆ ಹಾಲು ಬೇಕಾಗುವುದು ಒಂದು ದಿನ ಬಿಟ್ಟು ಒಂದು ದಿನ. ಪುಣ್ಯಕ್ಕೆ ಅಂದು ಹಾಲಿನ ದಿನವಾಗಿತ್ತು! ಮುಂದಿನ ಸಲ ಹಾಲಿಲ್ಲದ ದಿನ ಬಿದ್ದರೆ? ಮಳೆ ಬರುವುದರೊಳಗೆ ಅಂಗಳ ಗಟ್ಟಿಯಾಗಲೇಬೇಕು ಎಂದು ನಿಶ್ಚಯ ಮಾಡಿದೆ.

ಆದರೆ ಒಂದು ತೊಡಕಿತ್ತು. ಗಂಡಸಿಲ್ಲದ ಮನೆಯ ಕಾಂಕ್ರೀಟಿನಲ್ಲಿ ಸಿಮೆಂಟು ಇರುವುದಿಲ್ಲ. ಇದನ್ನು ನಾನು ಎಲ್ಲೂ ಓದಿ ಕಲಿತದ್ದಲ್ಲ, ನನ್ನ ಓದು ಅಷ್ಟಕ್ಕಷ್ಟೇ. ತಲೆಯ ಮೇಲೆ ಹೊತ್ತು ಕಲಿತದ್ದು. ಒಂಟಿ ಹೆಂಗಸಿನ ಮನೆಗೆ ಕಲಸುವ ಮಾಲಿನ ಬಣ್ಣವೇ ಬೇರೆ. ಅದಕ್ಕೇ ನನ್ನ ಬಾಗಿಲಲ್ಲಿ ಯಾವಾಗಲೂ ಗಂಡಸಿನ ಚಪ್ಪಲಿ ಒಂದು ಜೊತೆ ಇರುತ್ತದೆ. ನನ್ನ ಗಂಡನದು. ಅವನು ಸತ್ತು ಆಗಲೇ ಹನ್ನೊಂದು ವರ್ಷವಾಗಿತ್ತು. ನಿಜ ಹೇಳಬೇಕೆಂದರೆ, ಮನೆ ಕಾಯುವ ಕೆಲಸದಲ್ಲಿ ಚಪ್ಪಲಿಯೇ ಅವನಿಗಿಂತ ವಾಸಿ. ಮಕ್ಕಳಾಗಲಿಲ್ಲ. ಆ ಮಾತು ಇಲ್ಲಿ ಬೇಡ.

ಇನ್ನು ಠೇಕೇದಾರ ಸಿಕ್ಕಿದ್ದು. ಒಂದು ದಿನ ಹಿಂದಿನ ಗಲ್ಲಿಯಲ್ಲಿ ಹೋಗುತ್ತಿದ್ದೆ. ಯಾರೋ ಸಿಮೆಂಟು ಕಲಸುವ ಮಷೀನಿಗೆ ಬೈಯುತ್ತಿದ್ದರು. "ಏ ಸುಡುಗಾಡ ಮಷೀನಾ! ನಿನ್ನ ಹೊಟ್ಟಿಗಿ ಏನ್ ಬ್ಯಾನಿ ಬಂದದ? ತಿರುಗು ಅಂದ್ರ ತಿರುಗಬೇಕು!" ನಾನು ಅಲ್ಲೇ ನಿಂತುಬಿಟ್ಟೆ. ಹಾಲಿನವನ ಜೊತೆ ಮರಾಠಿ, ಅಂಗಡಿಯವನ ಜೊತೆ ಮರಾಠಿ, ಮನೆಯಲ್ಲಿ ಮಾತೇ ಇಲ್ಲ. ಕಿವಿಗೆ ಕನ್ನಡ ಬಿದ್ದು ಹದಿನೈದು ದಿನವಾಗಿತ್ತು. ಬೈಗುಳವಾದರೇನು, ಎಷ್ಟು ಚಂದ ಕೇಳಿಸಿತು! ಪೂರ್ತಿ ಬೈದು ಮುಗಿಸಲಿ ಎಂದು ಕಾದೆ. ಆಮೇಲೆ ಕೇಳಿದೆ.

"ಏ ತಮ್ಮಾ, ನಮ್ಮ ಅಂಗಳಕ್ಕ ಕಾಂಕ್ರೀಟ್ ಹಾಕ್ತೀಯೇನು?"

"ಹಾಕ್ತೀನ್ರಿ ಅಕ್ಕಾರ. ಆದ್ರ ಅಮಾಸಿ ಮುಗೀಲಿ. ಅಮಾಸಿ ಮುಂದ ಹೊಸಾ ಕೆಲಸ ಹಿಡೀಬ್ಯಾಡ ಅಂತ ನಮ್ಮಾಕಿ ಹೇಳ್ಯಾಳ."

ಅರವತ್ತರ ಹತ್ತಿರದ ಗಂಡಸು. ನೆಲದ ಮಟ್ಟ ನೋಡುವ ನೀರಿನ ಪೈಪನ್ನು ಕೊರಳಿಗೆ ಸುತ್ತಿಕೊಂಡು, ಶಿವನ ಹಾಗೆ ನಿಂತಿದ್ದ. ನಮ್ಮ ಶಿವನಿಗೆ ಪಾರ್ವತಿಯ ಭಯ ಎಂದು ಅಂದೇ ತಿಳಿಯಿತು!

ಅಮಾವಾಸ್ಯೆ ಮುಗಿಯಿತು. ಉಸುಕು ಬಂತು. ಈ ಮಹಾಶಯ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ!

"ಉಪ್ಪು ಸಾಕೇನು ತಮ್ಮಾ?" ಎಂದೆ.

"ನಗಬ್ಯಾಡ್ರಿ ಅಕ್ಕಾರ. ಹಲ್ಲಿಗಿ ಕರಕರ ಅಂದ್ರ ಉಸುಕು, ಅಂಟಿದ್ರ ಮಣ್ಣು. ನಮ್ಮಾಕಿ ಜ್ವಾಳದ ಹಿಟ್ಟು ಹಿಂಗ ನೋಡ್ತಾಳ." ಥೂ ಎಂದು ಉಗಿದು ಇಡೀ ಗಾಡಿಯನ್ನು ವಾಪಸು ಕಳಿಸಿದ. ಗಾಡಿಯವನು ಮರಾಠಿಯಲ್ಲಿ ಇಬ್ಬರಿಗೂ ಸೇರಿಸಿ ಬೈದು ಹೋದ.

ಮರುದಿನ ಬೇರೆ ಉಸುಕು ಬಂತು, ಜೊತೆಗೆ ಖಡಿ, ಅಂದರೆ ಜಲ್ಲಿಕಲ್ಲು. ಖಡಿ ಇಳಿಸುವ ಮುಂಚೆ ಬಾಗಿಲ ಕಡೆ ನೋಡಿ ಕೇಳಿದ: "ಯಜಮಾನ್ರು?"

"ಮಲಗ್ಯಾರ. ರಾತ್ರಿ ಪಾಳಿ."

ಅಷ್ಟೇ ಹೇಳಿದ್ದು ನಾನು. ಅವನು ಆಳುಗಳನ್ನು ಕರೆದು, ಬಾಯಿಯ ಮೇಲೆ ಬೆರಳಿಟ್ಟು, "ಸದ್ದು ಮಾಡಬ್ಯಾಡ್ರಿ, ಯಜಮಾನ್ರು ಮಲಗ್ಯಾರ" ಎಂದ. ಖಡಿಯನ್ನು ಸದ್ದಿಲ್ಲದೆ ಇಳಿಸಲು ಯಾರಿಗಾದರೂ ಬರುತ್ತದೆಯೇ? ನಮ್ಮವನು ಇಳಿಸಿದ! ಬುಟ್ಟಿ ಬುಟ್ಟಿಯಾಗಿ, ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ. ಒಂದು ತಾಸಿನ ಕೆಲಸಕ್ಕೆ ಅರ್ಧ ದಿನ ಹೋಯಿತು. ಎಲ್ಲರೂ ಪಿಸುಮಾತು. ಎದುರು ಮನೆಯಾಕೆ ಬಂದು, ಯಾರಾದರೂ ತೀರಿಕೊಂಡರೇ ಎಂದು ಮರಾಠಿಯಲ್ಲಿ ಪಿಸುಗುಟ್ಟಿದಳು. ಆಕೆ ಈ ಗಲ್ಲಿಗೆ ಬಂದು ಎರಡು ವರ್ಷವಾಗಿತ್ತು. ನನ್ನ ಬಾಗಿಲಿಗೆ ಬಂದದ್ದು ಅಂದೇ ಮೊದಲು.

ಮಧ್ಯಾಹ್ನ ಅವನು ಗೋಡೆಯ ನೆರಳಿನಲ್ಲಿ ಡಬ್ಬಿ ಬಿಚ್ಚುತ್ತಿದ್ದ. "ನಮ್ಮಾಕಿ ಕಟ್ಟಿ ಕೊಟ್ಟಾಳ್ರಿ" ಎಂದು ಹೇಳಿಯೇ ಮುಚ್ಚಳ ತೆಗೆಯಬೇಕು, ಇಲ್ಲದಿದ್ದರೆ ಅನ್ನ ಸೇರುವುದಿಲ್ಲ. ನಾನು ಬಗ್ಗಿ ನೋಡಿದೆ. ಎರಡು ಒಣ ಚಪಾತಿ, ಪ್ಲಾಸ್ಟಿಕ್ ಚೀಲದಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ಬೇಳೆಸಾರು. ಯಾವ ಹೆಂಡತಿ ಸಾರಿಗೆ ರಬ್ಬರ್ ಬ್ಯಾಂಡ್ ಹಾಕಿ ಕೊಡುತ್ತಾಳೆ? ಅದು ಮೂಲೆಯ ಖಾನಾವಳಿಯ ಸಾರು! ಎಂಥ ಮೈಗಳ್ಳಿ ಇರಬೇಕು ಆಕೆ ಎಂದುಕೊಂಡೆ. ಖಾನಾವಳಿಯಿಂದ ತರಿಸಿ, ತಾನೇ ಮಾಡಿದೆ ಎಂದು ಗಂಡನಿಗೆ ಹೇಳುತ್ತಾಳೆ. ಈ ಪೆದ್ದ ನಂಬುತ್ತಾನೆ. ಅವನ ಮೇಲೆ ಕನಿಕರ ಬಂತು. ಹೇಳಲಿಲ್ಲ. ಸಂಸಾರ ಒಡೆಯುವುದು ನನಗೆ ಬೇಡ.

ಕಾಂಕ್ರೀಟು ಹಾಕುವ ದಿನ ಬಂತು. ಆಗ ತೆಗೆದ ನೋಡಿ ಕೊನೆಯ ಕಟ್ಟಳೆ.

"ಮೊದಲ್ನೇ ಬುಟ್ಟಿ ಗಂಡ ಹೆಂಡ್ತಿ ಕೂಡಿ ಹಾಕಬೇಕ್ರಿ. ನಮ್ಮಾಕಿ ಹೇಳ್ಯಾಳ. ಇಲ್ಲಂದ್ರ ನಾ ಥಾಪಿ ಮುಟ್ಟಂಗಿಲ್ಲ" ಎಂದು ಸಿಮೆಂಟು ಸವರುವ ಥಾಪಿಯನ್ನು ಕೆಳಗಿಟ್ಟ.

"ಅವ್ರು ಮಲಗ್ಯಾರಪ್ಪಾ."

"ಏಳಲಿ. ಕಾಯ್ತೀನಿ."

ಸಂಜೆಯ ತನಕ ಕಾದ! ಮೂರು ಸಲ ಚಹಾ ಕುಡಿದ, ಊರಿನ ಕಡೆಯ ಮಾತು ಎಲ್ಲ ಆಡಿದ, ಎದ್ದು ಹೋದ. ಮರುದಿನ ಮತ್ತೆ ಬಂದ.

"ಎದ್ರೇನ್ರಿ ಯಜಮಾನ್ರು?"

"ಭೋರ್ ಊರಿಗೆ ಹೋಗ್ಯಾರ. ನಸುಕಿನ ಬಸ್ಸಿಗೆ."

ಬಾಗಿಲ ಕಡೆ ನೋಡಿದ. "ಚಪ್ಪಲಿ ಬಿಟ್ಟು?"

"ಹರಕಿ ಅದ. ಬರಿಗಾಲೀಲೆ ಹೋಗ್ಯಾರ."

"ಭಾಳ ಛಲೋ" ಎಂದು ಕುಳಿತ. ಮತ್ತೆ ಚಹಾ, ಮತ್ತೆ ಮಾತು. ಅವನ ಊರಿನ ಬಾವಿ ಎಷ್ಟು ಆಳ ಎಂಬುದೂ ನನಗೆ ಗೊತ್ತಾಯಿತು. ಅಂಗಳ ಮಾತ್ರ ಮಣ್ಣಾಗಿಯೇ ಇತ್ತು.

ಮೂರನೆಯ ದಿನ ಮೋಡ ಬಂತು. ಕಪ್ಪು ಮೋಡ. ಸೊಂಟ ಆಗಲೇ ನೋಯಲು ಹತ್ತಿತು. ಅವನು ಬಂದು ಬಾಯಿ ತೆರೆದ: "ಯಜಮಾನ್ರು..."

ನನಗೆ ರೇಗಿಹೋಯಿತು. "ಸತ್ತಾನ! ಹನ್ನೊಂದು ವರ್ಷಾತು ಸತ್ತು! ಮನ್ಯಾಗ ಯಾರೂ ಇಲ್ಲ, ನಾ ಒಬ್ಬಾಕೀನೇ. ಸಾಕೇನು? ಇನ್ನ ಎಷ್ಟು ಸಿಮೆಂಟ್ ಕದೀತಿ ಕದಿ, ಕಾಂಕ್ರೀಟ್ ಅಂತ ಏನರೆ ಹಾಕು!"

ಆಳುಗಳು ನಿಂತಲ್ಲೇ ನಿಂತರು. ಅವನು ಬಾಗಿಲಿಗೆ ಹೋಗಿ ಚಪ್ಪಲಿ ಎತ್ತಿಕೊಂಡ. ಬೆರಳು ತೂರಿಸುವಲ್ಲಿ ಜೇಡ ಬಲೆ ಕಟ್ಟಿತ್ತು. ಹೆಗಲ ಮೇಲಿನ ಟವೆಲಿನಿಂದ ಒರೆಸಿ, ತಂದು ನನ್ನ ಬಲಗಡೆ ಜೋಡಿಸಿ ಇಟ್ಟ. ಆಳುಗಳಿಂದ ಮಾಲು ಕಲಸಿಸಿ, ಮೊದಲ ಬುಟ್ಟಿ ನನ್ನ ಕೈಗೆ ಕೊಟ್ಟು, "ಹಾಕ್ರಿ ಅಕ್ಕಾರ, ಇಬ್ರೂ ಕೂಡಿ" ಎಂದ.

ಹಾಕಿದೆ.

ಆಮೇಲೆ ನಾನು ಕಟ್ಟೆಯ ಮೇಲೆ ಕುಳಿತು ಕಣ್ಣು ಮಿಟುಕಿಸದೆ ಮಾಲಿನ ಬಣ್ಣ ನೋಡಿದೆ. ಸರಿಯಾದ ಬಣ್ಣ. ಮಗರಪಟ್ಟಾದಲ್ಲೂ ಅಂಥ ಬಣ್ಣ ನಾನು ಹೊತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಂಗಳ ಮುಗಿಯಿತು. ಮೋಡವೂ ಹಾಗೇ ಮುಂದೆ ಹೋಯಿತು.

"ನಿನಗ ಯಾವಾಗ ಗೊತ್ತಾತು?" ಎಂದು ಕೇಳಿದೆ.

"ಮೊದಲ್ನೇ ದಿನಾನೇ. ಚಪ್ಪಲ್ಯಾಗಿನ ಜ್ಯಾಡದ ಮನಿ ನೋಡಿದ್ನೆಲ್ರಿ."

"ಮತ್ತ ಖಡಿ ಯಾಕ ಸಾವಕಾಶ ಇಳಿಸಿದಿ?"

"ನೀವು ಮಲಗ್ಯಾರ ಅಂದ್ರೆಲ್ಲ."

"ಎರಡು ದಿನ ಯಾಕ ಕಾಯಿಸಿದಿ?"

ಥಾಪಿ ತೊಳೆಯುತ್ತಾ ಇದ್ದ. ತಲೆ ಎತ್ತಲಿಲ್ಲ. "ಚಹಾ ಛಲೋ ಇತ್ರಿ" ಎಂದ.

ನನಗೆ ಮತ್ತೆ ಸಿಟ್ಟು ಬಂತು. "ನಾಳಿಗಿ ನಿನ್ನ ಹೆಂಡ್ತಿನ ಕರ್ಕೊಂಡು ಬಾ. ಗಂಡಗ ಸಾರು ಹೆಂಗ ಕಟ್ಟಬೇಕು ಅಂತ ಆಕಿಗಿ ನಾ ನಾಕು ಮಾತು ಹೇಳಬೇಕು."

"ಆಕಿ ಎಲ್ಲಿಂದ ಬರ್ತಾಳ್ರಿ ಅಕ್ಕಾರ. ಹೋಗಿ ಐದು ವರ್ಷಾತು."

ಥಾಪಿ ಆಗಲೇ ಶುಭ್ರವಾಗಿತ್ತು. ಆದರೂ ಇನ್ನೊಮ್ಮೆ ತೊಳೆದ. ಪೈಪು ಕೊರಳಿಗೆ ಸುತ್ತಿಕೊಂಡು ಎದ್ದು ನಿಂತು, "ಹತ್ತು ದಿನ ಎರಡೂ ಹೊತ್ತು ನೀರು ಹೊಡೀರಿ, ಇಲ್ಲಂದ್ರ ಬಿರುಕು ಬಿಡ್ತದ. ನಾ ದಿನಾ ಬಂದು ನೋಡ್ತೀನಿ. ನಮ್ಮಾಕಿ ಹೇಳ್ಯಾಳ" ಎಂದು ಹೇಳಿ ಹೊರಟುಹೋದ.

ಮರುದಿನ ಬೆಳಿಗ್ಗೆ ಬೇಗ ಎದ್ದು ಅಂಗಳಕ್ಕೆ ನೀರು ಹೊಡೆದೆ. ಚಪ್ಪಲಿಯನ್ನು ಬಾಗಿಲಲ್ಲಿ ಅದರ ಜಾಗದಲ್ಲೇ ಇಟ್ಟೆ. ಒಳಗೆ ಬಂದು ಹಿಟ್ಟು ನಾದಿ, ದಿನಾ ತಟ್ಟುವ ಎರಡು ರೊಟ್ಟಿ ಆದ ಮೇಲೆ ಇನ್ನೂ ಎರಡು ತಟ್ಟಿದೆ.