ಜನಾ ತೆಗೆದ ಕ್ಯಾಸೆಟ್ಟು

ಕ್ಯಾಸೆಟ್ ಅಂಗಡಿಗೆ ಜನ ಎರಡು ಕೆಲಸಕ್ಕೆ ಬರುತ್ತಾರೆ. ಹಾಡು ತುಂಬಿಸಿಕೊಡಿ ಅಂತ ಒಂದು ಸಲ, ನೀವು ತುಂಬಿಸಿದ್ದು ಸರಿಯಿಲ್ಲ ಅಂತ ಇನ್ನೊಂದು ಸಲ. ಆಳಂದ ಬಸ್ ಸ್ಟ್ಯಾಂಡಿನ ಎದುರು ಹದಿನೆಂಟು ವರ್ಷ ಅಂಥ ಅಂಗಡಿ ನಡೆಸಿದ್ದೇನೆ. ನಗುವಂಥದ್ದು ಏನೂ ಆಗದ ವಾರ ಒಂದೂ ನೆನಪಿಲ್ಲ. ಆದರೆ ನಗು ಬರುತ್ತಿದ್ದದ್ದು ಆಮೇಲೆ. ಆಗುವಾಗ ಸಿಟ್ಟೇ ಬರುತ್ತಿತ್ತು.

೧. ಕಾಕಾನ ಕೆಮ್ಮು

ನನ್ನ ಅಂಗಡಿಯಲ್ಲಿ ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ತುಂಬಿಸುವ ಎರಡು ಬಾಯಿಯ ಟೇಪ್ ರೆಕಾರ್ಡರ್ ಇತ್ತು, ಬಾಡಿಗೆಗೆ ಮೈಕ್ ಸೆಟ್ ಇತ್ತು. ಮದುವೆಗೆ ಮೈಕ್ ಕೊಟ್ಟರೆ ಮದುವೆಯ ಕ್ಯಾಸೆಟ್ಟನ್ನೂ ಮಾಡಿಕೊಡುತ್ತಿದ್ದೆ. ಬೇರೆಯವರು ಬಂದದ್ದನ್ನು ಬಂದ ಹಾಗೆ ತುಂಬಿಸಿ ಕೊಡುತ್ತಿದ್ದರು. ನಾನು ಹಾಗಲ್ಲ. ಕೂತು, ಕಿವಿಗೊಟ್ಟು, ಬೇಡದ ಸದ್ದು ಬಂದ ಕಡೆಯೆಲ್ಲ ಗುಂಡಿ ಒತ್ತಿ ತಡೆದು, ಅಕ್ಕಿ ಆರಿಸಿದ ಹಾಗೆ ಆರಿಸಿ ಕೊಡುತ್ತಿದ್ದೆ. ಮದುಮಗನ ಕಾಕಾ ಒಬ್ಬ ಅರಿಷಿಣದಿಂದ ಊಟದ ತನಕ ಕೆಮ್ಮಿದ್ದ. ಒಂದು ಕೆಮ್ಮನ್ನೂ ಬಿಡದೆ ತೆಗೆದೆ.

ನಾಲ್ಕು ದಿನಕ್ಕೆ ಆ ಕಾಕಾನೇ ಬಂದ.

"ಅಕ್ಕಾರ, ಮದಿವ್ಯಾಗ ನಾ ಇದ್ದೆನೋ ಇಲ್ಲೋ?"

"ಇದ್ರಲ್ರೀ. ನಾನೇ ನೋಡೀನಿ."

"ಮತ್ತ ಕ್ಯಾಸೆಟ್ಟಿನ್ಯಾಗ ನಾ ಎಲ್ಲೂ ಇಲ್ಲಲ್ರಿ. ಹತ್ತು ವರ್ಷ ಅಣ್ಣನ ಸಂಗಟ ಮಾತು ಬಿಟ್ಟಿದ್ದೆ. ಮನಸ್ಸು ಗಟ್ಟಿ ಮಾಡಿ ಹೋಗಿದ್ದೆ. ನಾಳೆ ಅಂವ, ನೀ ಬಂದೇ ಇಲ್ಲ ಅಂದ್ರ ಏನ್ ತೋರಿಸ್ಲಿ?"

ಮಾತು ಬಿಟ್ಟವನು ಮದುವೆಯಲ್ಲಿ ಬಾಯಿ ತೆರೆದದ್ದೇ ಕೆಮ್ಮುವುದಕ್ಕೆ. ಅದನ್ನು ನಾನು ತೆಗೆದಿದ್ದೆ. ಸ್ಟೂಲಿನ ಮೇಲೆ ಕೂಡಿಸಿ ಮೈಕ್ ಮುಂದೆ ಹಿಡಿದೆ.

"ಕೆಮ್ಮ್ರಿ."

"ಬಾ ಅಂದ್ರ ಬರ್ತದೇನ್ರಿ ಕೆಮ್ಮು?"

ಎದುರಿನ ಅಂಗಡಿಯಿಂದ ಬೀಡಿ ತರಿಸಿಕೊಟ್ಟೆ. ಬಂತು. ಅಕ್ಷತೆ ಹಾಕುವ ಹೊತ್ತಿಗೆ ಸರಿಯಾಗಿ ಕೂಡಿಸಿಕೊಟ್ಟೆ. ಕೇಳಿ ಬಹಳ ಖುಷಿಯಾದ. ಮದುವೆಯಲ್ಲಿ ತಾನು ಇಷ್ಟು ಚೆನ್ನಾಗಿ ಕೆಮ್ಮಿರಲಿಲ್ಲ ಅಂದ.

ಅವತ್ತೇ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ.

೨. ಹರಿದ ಕಥೆಗಳು

ನಾನು ಶಾಲೆ ಕಲಿತವಳಲ್ಲ. ಸಣ್ಣವಳಿದ್ದಾಗ ತೊಗರಿ ಮಾರುವ ಅಡತಿ ಅಂಗಡಿಯಲ್ಲಿ ಕಾಳು ಆರಿಸಲು ಹೋಗುತ್ತಿದ್ದೆ. ಬೇಳೆ ಕಟ್ಟುವ ಹಳೆಯ ಪೇಪರನ್ನು ನೋಡಿ ನೋಡಿ, ಬಸ್ಸಿನ ಬೋರ್ಡಿನ ಅಕ್ಷರಕ್ಕೆ ಹೊಂದಿಸಿ ಹೊಂದಿಸಿ, ಓದು ಬಂತು. ಕಷ್ಟವೆಂದರೆ ಕಥೆ ರುಚಿಗೆ ಬಂದ ಕಡೆಗೇ ಪೇಪರು ಹರಿದಿರುತ್ತಿತ್ತು. ಉಳಿದದ್ದನ್ನು ನಾನೇ ಕಟ್ಟಿಕೊಳ್ಳುತ್ತಿದ್ದೆ. ಮುಂದೆ ಕೈಯಲ್ಲಿ ನಾಲ್ಕು ಕಾಸು ಆಡಿದಾಗ ಇಡೀ ಪುಸ್ತಕಗಳನ್ನೇ ಕೊಂಡು ಓದಿದೆ. ಎಷ್ಟೋ ಕಥೆಗಳ ಕೊನೆ ನಾನು ಕಟ್ಟಿದ್ದಕ್ಕಿಂತ ಸಪ್ಪೆ ಇತ್ತು.

ಇಂಗ್ಲಿಷ್ ಅಕ್ಷರ ಕಲಿತದ್ದು ಕ್ಯಾಸೆಟ್ಟಿನ ಮೇಲಿನ ಚೀಟಿಗಳಿಂದ. ಒಮ್ಮೆ ಒಬ್ಬ ಗುಮಾಸ್ತ ಬಂದು, "ನಿಮಗ ಇಂಗ್ಲಿಷ್ ಓದಾಕ ಬರ್ತದೇನು?" ಅಂತ ನಗುತ್ತ ಒಂದು ಕ್ಯಾಸೆಟ್ ಮುಂದಿಟ್ಟ. ಓದಿದೆ. "ಅರ್ಥ ಏನು?" ಅಂದ. "ನಿಮಗ ಗೊತ್ತೇನ್ರಿ?" ಅಂದೆ. ಇಬ್ಬರಿಗೂ ಗೊತ್ತಿರಲಿಲ್ಲ. ಓದಲು ಬರುತ್ತಿದ್ದದ್ದು ನನಗೊಬ್ಬಳಿಗೇ ಅಂತ ತಿಳಿದ ಮೇಲೆ ಅವನು ಬಸ್ಸಿಗೆ ಹೊತ್ತಾಯಿತು ಅಂತ ಎದ್ದ.

೩. ದನದ ಡಾಕ್ಟರರ ಗಂಟು

ನಮ್ಮೂರಿಗೆ ದನದ ದವಾಖಾನೆಯ ಡಾಕ್ಟರಾಗಿ ಒಬ್ಬರು ಬಂದಿದ್ದರು. ಸಣ್ಣ ದನಿಯ ಮನುಷ್ಯ. ಸರಕಾರ ಅವರನ್ನು ಒಂದು ವರ್ಷ ಪರದೇಶಕ್ಕೆ ಕಲಿಯಲು ಕಳಿಸಿತ್ತಂತೆ. ಒಂದು ದಿನ ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಎರಡು ಇಂಗ್ಲಿಷ್ ಕ್ಯಾಸೆಟ್ ತಂದರು.

ಚೀಟಿಯ ಮೇಲಿನ ಹೆಸರನ್ನು ನಾನು ಕೂಡಿಸಿ ಓದಿದೆ. ಮೂರು ಸಲ ತಪ್ಪಿದೆ. ಬೇರೆಯವರಾದರೆ ನಡುವೆ ಬಾಯಿ ಹಾಕುತ್ತಿದ್ದರು. ಇವರು ಸುಮ್ಮನೆ ಕಾದರು. ನಾಲ್ಕನೆಯದಕ್ಕೆ ಸರಿಯಾಯಿತು. ಅದಕ್ಕೇ ಅವರ ಮೇಲೆ ನನಗೆ ಮೊದಲಿಂದ ಅಭಿಮಾನ.

"ಇಂವ ತಾನೇ ಕಟ್ಟಿ ತಾನೇ ಹಾಡಾಂವ್ರಿ," ಅಂದರು. "ದೊಡ್ಡ ಹೆಸರದ. ಜಗತ್ತೆಲ್ಲಾ ಕೇಳ್ತದ. ಇದು ಜನರ ಮುಂದ ನಿಂತು ಹಾಡಿದ್ದು. ಸೊಲ್ಲಾಪುರದ ಗೆಳೆಯಂದು, ನಾಕು ದಿನಕ್ಕ ಅಂವ ಪರದೇಶಕ್ಕ ಹೋಗವ. ಅಷ್ಟರಾಗ ಒಂದು ಕಾಪಿ ಮಾಡಿ ಕೊಡ್ರಿ."

"ನೋಡ್ತಿರ್ರಿ, ಹೆಂಗ್ ಮಾಡ್ತೇನಿ," ಅಂದೆ.

ಹಾಕಿ ಕೇಳಿದೆ. ಹಾಡೇನೋ ಛಲೋ ಇತ್ತು. ಮಾತು ತಿಳಿಯದಿದ್ದರೂ ಮನುಷ್ಯ ಯಾರ ಮೇಲೋ ಮುನಿಸಿಕೊಂಡು, ಆಮೇಲೆ ತಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದಾನೆ ಅಂತ ತಿಳಿಯುತ್ತಿತ್ತು. ಆದರೆ ಹಾಡು ಮುಗಿಯುವುದೇ ತಡ, ಸಂತೆಯೇ ಎದ್ದು ಬಂದ ಹಾಗೆ ಗದ್ದಲ. ಕೂಗುವವರು ಎಷ್ಟು, ಸೀಟಿ ಹೊಡೆಯುವವರು ಎಷ್ಟು. ನಡುವೆ ಹಾಡುವವನೂ ತಂತಿ ಬಿಗಿಯುತ್ತ ಹರಟೆ ಹೊಡೆಯುತ್ತಿದ್ದ. ಇಷ್ಟು ದೊಡ್ಡ ಹಾಡುಗಾರನ ಕ್ಯಾಸೆಟ್ಟನ್ನು ಇಷ್ಟು ಕೆಟ್ಟದಾಗಿ ತುಂಬಿಸಿದವರು ಯಾರಪ್ಪ ಅಂತ ಮರುಗಿದೆ.

ಎರಡು ದಿನ ಮುಂಜಾನೆಯಿಂದ ದೀಪ ಹಚ್ಚುವ ತನಕ ಗುಂಡಿ ಒತ್ತಿದ ಬೆರಳು ಎತ್ತಲಿಲ್ಲ. ನಾಲ್ಕೂ ಬದಿ ಆರಿಸಿದೆ. ಬರೇ ಹಾಡು ಉಳಿಯಿತು. ಎರಡು ಕ್ಯಾಸೆಟ್ಟಿನದು ಒಂದರಲ್ಲೇ ಹಿಡಿಯಿತು. ಕಾಪಿಗೆಂದು ಅವರು ಕೊಟ್ಟಿದ್ದ ಎರಡು ಖಾಲಿ ಕ್ಯಾಸೆಟ್ಟಿನಲ್ಲಿ ಒಂದನ್ನು ವಾಪಸ್ ಕೊಟ್ಟು, "ಉಳಿತಾಯ ಆತ್ರಿ," ಅಂದೆ.

೪. ಜನಾ ಎಲ್ಲಿ ಹೋದ್ರು?

ಅಸಲಿ ಕ್ಯಾಸೆಟ್ಟುಗಳನ್ನು ಸೊಲ್ಲಾಪುರಕ್ಕೆ ಮುಟ್ಟಿಸಿ ಬಂದ ಮೇಲೆ ಡಾಕ್ಟರರು ನನ್ನ ಕಾಪಿ ಕೇಳಿದ್ದಾರೆ. ಮರುದಿನ ಅಂಗಡಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದರು.

"ಅಕ್ಕಾರ, ಜನಾ ಎಲ್ಲಿ ಹೋದ್ರು?"

"ತೆಗೆದೇನ್ರಿ. ಒಬ್ಬನ್ನೂ ಬಿಟ್ಟಿಲ್ಲ."

ಅವರು ಸ್ಟೂಲಿನ ಮೇಲೆ ಕೂತರು. "ಅದ್ರಾಗ ನಾನೂ ಇದ್ದೇರ್ರಿ," ಅಂದರು.

ಆಮೇಲೆ ಕಥೆ ಹೊರಬಿತ್ತು. ಪರದೇಶದಲ್ಲಿದ್ದಾಗ, ಆ ಕ್ಯಾಸೆಟ್ ತುಂಬಿಸಿದ ದಿನವೇ, ಇವರು ಆ ಹಾಡು ಕೇಳಲು ಹೋಗಿದ್ದರಂತೆ. ಮೂರನೇ ಹಾಡು ಮುಗಿದಾಗ ಎರಡು ಬೆರಳು ಬಾಯಿಗಿಟ್ಟು, ದನ ಕರೆಯುವ ಸೀಟಿ ಹೊಡೆದರಂತೆ. ಆ ಹಾಡುಗಾರ ನಕ್ಕು, ಇವರಿದ್ದ ಕಡೆ ಕೈ ಎತ್ತಿದನಂತೆ. ಇದನ್ನು ಜೇವರ್ಗಿಯ ಅತ್ತೆಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ಮಾವ ದೊಡ್ಡ ಹೊಲಮನೆಯವರು. "ಅಳಿಯಂದ್ರು ಬಂದ್ರು, ಸೀಟಿ ಹೊಡಸ್ರಿ," ಅಂತ ಹೋದಾಗಲೆಲ್ಲ ಪಡಸಾಲೆ ತುಂಬ ನಗು. ಹೆಂಡತಿಯೂ, "ನೀವು ಪರದೇಶಕ್ಕ ಹೋಗಿದ್ದು ಖರೇ, ಸೀಟಿ ಸುಳ್ಳು," ಅನ್ನುತ್ತಿದ್ದರು. ಈಗ ಚೊಚ್ಚಲ ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಆ ದಿನ ಎಲ್ಲರ ಮುಂದೆ ಕ್ಯಾಸೆಟ್ ಹಾಕಿ ಸೀಟಿ ಕೇಳಿಸುತ್ತೇನೆ ಅಂತ ಇವರು ಮಾತು ಕೊಟ್ಟು ಬಂದಿದ್ದರು.

"ಸೀಟಿ ಕೇಳ್ಸಿತ್ತೇನ್ರಿ ನಿಮಗ?"

"ಭಾಳ ಇದ್ವುರಿ. ಯಾವುದು ನಿಮ್ಮದಂತ ನನಗೇನ್ ಗೊತ್ತು."

ಒಂದು ಬಿರುಸು ಮಾತೂ ಆಡಲಿಲ್ಲ. "ಇರ್ಲಿ ಬಿಡ್ರಿ," ಅಂತ ಎದ್ದರು. ಬೈದಿದ್ದರೆ ನಾನೂ ಬೈದು ಮುಗಿಸುತ್ತಿದ್ದೆ. ನನ್ನ ಅಂಗಡಿಯ ಕೆಲಸ ಎಂದೂ ವಾಪಸ್ ಬಂದದ್ದಿಲ್ಲ. ಕಾಕಾನ ಕೆಮ್ಮನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

"ಕುಂದರ್ರಿ," ಅಂದೆ. "ನಿಮಗ ಜನಾ ಬೇಕಲ್ರಿ? ಕೊಡ್ತೇನಿ."

೫. ಯಾವ ಮಂತ್ರಿ ಬಂದಾನ?

ಆ ವಾರವೇ ಮಾದನಹಿಪ್ಪರಗಾದಲ್ಲಿ ನನ್ನ ಮೈಕ್ ಸೆಟ್ ಇತ್ತು. ತಾನೇ ಪದ ಕಟ್ಟಿ ತಾನೇ ಹಾಡುವ ಅಜ್ಜ ಒಬ್ಬ ಅಲ್ಲಿದ್ದ. ಹಗಲು ಹೊತ್ತಿನಲ್ಲೇ ಹಾಡು. ಊರಿಗೆ ಊರೇ ಬಂದು ಕೂತಿತ್ತು. ಡಾಕ್ಟರರನ್ನೂ ಬಸ್ ಹತ್ತಿಸಿ ಕರೆದುಕೊಂಡು ಹೋದೆ.

ಅಜ್ಜ ಹಾಡಿದ. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಹಾಡು ಮುಗಿಯಿತು. ಪಿಟ್ ಅನ್ನಲಿಲ್ಲ. ನಮ್ಮ ಕಡೆ ಹಾಡು ಮನಸ್ಸಿಗೆ ಹತ್ತಿದರೆ ಜನ ಇನ್ನಷ್ಟು ಸುಮ್ಮನಾಗುತ್ತಾರೆ. ಆ ಮೌನವನ್ನು ಕ್ಯಾಸೆಟ್ಟಿಗೆ ತುಂಬಿಸಿ ನಾನೇನು ಮಾಡಲಿ?

ಮೈಕ್ ಹಿಡಿದು, "ಜರಾ ಚಪ್ಪಾಳಿ ಹೊಡೀರಿ," ಅಂದೆ.

"ಯಾಕ್ರೀ, ಯಾವ ಮಂತ್ರಿ ಬಂದಾನ?" ಅಂದ ಮುಂದೆ ಕೂತವನು. ಅಜ್ಜ ಮುಖ ಸಣ್ಣದು ಮಾಡಿಕೊಂಡು, "ನಾ ಏನ್ ತಪ್ಪು ಹಾಡಿದೆ, ಬೇ?" ಅಂದ.

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ. ದನದ ಡಾಕ್ಟರರಿಗೆ ಅತ್ತೆಮನೆಯಲ್ಲಿ ಮರ್ಯಾದೆ ಉಳಿಯಬೇಕು, ಅದಕ್ಕೆ ಗದ್ದಲ ಬೇಕು.

"ಡಾಕ್ಟರ್ ಸಲುವಾಗಿ ಏನ್ರಿ?" ಅಂತ ಹಿಂದಿನಿಂದ ಒಬ್ಬ ಮುದುಕಿ ಎದ್ದು ನಿಂತಳು. "ನನ್ನ ಎಮ್ಮಿ ಹೊಟ್ಟ್ಯಾಗ ಕರ ಅಡ್ಡ ಸಿಕ್ಕಾಗ ಮೊಣಕೈ ತನಕ ಕೈ ಹಾಕಿ ಉಳಿಸ್ಯಾನ ಅಂವ. ಹೊಡೀರ್ಲೇ ಚಪ್ಪಾಳಿ."

ಆಮೇಲೆ ನಿಲ್ಲಿಸುವುದೇ ಕಷ್ಟವಾಯಿತು. ಎತ್ತು ಉಳಿದವರು, ಆಡು ಉಳಿದವರು, ಏನೂ ಸಾಕದವರು, ಎಲ್ಲರೂ ಎದ್ದು ಕೂಗಿದರು. ಅಜ್ಜ ತಾಳ ಕುಟ್ಟಿದ. ಡಾಕ್ಟರರಿಗೆ ಸನ್ನೆ ಮಾಡಿದೆ. ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದರು. ಊರ ಸುತ್ತ ಕಟ್ಟಿದ್ದ ಎಮ್ಮೆಗಳೆಲ್ಲ ಒಟ್ಟಿಗೆ ಒದರಿದವು.

೬. ಜೇವರ್ಗಿಯ ತೊಟ್ಟಿಲು

ಮರುದಿನ ಆ ಇಂಗ್ಲಿಷ್ ಹಾಡುಗಳ ನಡುವೆ ಮಾದನಹಿಪ್ಪರಗಾದ ಗದ್ದಲ ಕೂಡಿಸಿದೆ. ಡಾಕ್ಟರರು ಕೇಳಿ ಅಳುಕಿದರು. "ಅಕ್ಕಾರ, ಎಮ್ಮಿ ಇಷ್ಟು ಇರಬೇಕೇನ್ರಿ?"

"ತೆಗೆದ್ರ ಯಾಕ ತೆಗೆದ್ರಿ ಅಂತೀರಿ. ಬಿಟ್ರ ಯಾಕ ಬಿಟ್ರಿ ಅಂತೀರಿ. ಇನ್ನ ನಾ ಒಂದು ಕೆಮ್ಮೂ ತೆಗೆಯಾಕಿ ಅಲ್ಲ."

ತೊಟ್ಟಿಲ ದಿನ ಮೈಕ್ ಸೆಟ್ಟಿನ ಜೊತೆ ನಾನೇ ಜೇವರ್ಗಿಗೆ ಹೋದೆ. ಬೇವಿನ ಮರಕ್ಕೆ ದೊಡ್ಡ ಬಾಯಿಯ ಸ್ಪೀಕರು, ನಮ್ಮ ಕಡೆಯ ಕರ್ಣ, ಕಟ್ಟಿಸಿದೆ. ಮಾವನವರು ಹಣೆ ತುಂಬ ವಿಭೂತಿ ಹಚ್ಚಿಕೊಂಡು, ನಗುವುದಕ್ಕೆ ತಯಾರಾಗಿಯೇ ಕೂತಿದ್ದರು. ಹಾಡು ಒಂದು ಆಯಿತು, ಎರಡಾಯಿತು. ಮೂರು ಮುಗಿಯಿತು. ಗದ್ದಲ ಎದ್ದಿತು. ಸೀಟಿ ಬಂತು. ಎಮ್ಮೆಗಳು ಒದರಿದವು. ಅವುಗಳ ಮೇಲೆ ಮುದುಕಿಯ ದನಿ, ಇಡೀ ಓಣಿಗೆ ಕೇಳುವ ಹಾಗೆ: "ನಮ್ಮ ಡಾಕ್ಟರ್‌ಗ ದೇವ್ರು ಸಾವಿರ ವರ್ಷ ಆಯುಷ್ಯ ಕೊಡ್ಲಿ."

ಅಂಗಡಿಯ ಸಣ್ಣ ಸ್ಪೀಕರಿನಲ್ಲಿ ಆ ಮಾತನ್ನು ನಾನೂ ಡಾಕ್ಟರರೂ ಗಮನಿಸಿರಲಿಲ್ಲ. ಡಾಕ್ಟರರು ತೊಟ್ಟಿಲ ಹಗ್ಗ ಹಿಡಿದು ನೆಲ ನೋಡುತ್ತ ನಿಂತರು.

ಮಾವನವರು, "ಇನ್ನೊಮ್ಮೆ ಹಾಕ್ರಿ," ಅಂದರು. ಹಾಕಿದೆ. ಕಣ್ಣು ಮುಚ್ಚಿ ಕೇಳಿದರು. ಆಮೇಲೆ ನಿಧಾನವಾಗಿ, "ಪರದೇಶದ ಮಂದಿ ಕನ್ನಡ ಛಲೋ ಮಾತಾಡ್ತಾರ," ಅಂದರು.

ಎಲ್ಲರಿಗಿಂತ ಮೊದಲು ನಕ್ಕವರು ಡಾಕ್ಟರರ ಹೆಂಡತಿ. ನಕ್ಕು ನಕ್ಕು ಕಣ್ಣು ಒರೆಸಿಕೊಂಡು, ಕೂಸನ್ನು ಗಂಡನ ಕೈಗೆ ಕೊಟ್ಟರು. ಮಾವನವರು ಮಾತ್ರ ನಗಲಿಲ್ಲ. ಎದ್ದು ಹೆಗಲ ವಸ್ತ್ರ ಸರಿಮಾಡಿಕೊಂಡು, "ಡಾಕ್ಟರ," ಅಂದರು. ಅಳಿಯನನ್ನು ಅವರು ಹಾಗೆ ಕರೆದದ್ದು ಅದೇ ಮೊದಲಂತೆ. "ಹಿತ್ತಲದಾಗ ನಮ್ಮ ಎಮ್ಮಿ ಮೂರು ದಿನದಿಂದ ಮೇವು ಮುಟ್ಟಿಲ್ಲ. ಊಟಕ್ಕಿಂತ ಮೊದಲು ಜರಾ ನೋಡ್ತೀರೇನ್ರಿ?"

ಡಾಕ್ಟರರು ಹಿತ್ತಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಸೀಟಿ ಕೇಳಿಸಿತು. ಈ ಸಲ ಯಾರೂ ನಗಲಿಲ್ಲ.

೭. ಡುಪ್ಲಿಕೇಟು

ಡಾಕ್ಟರರಿಗೆ ಅಫಜಲಪುರಕ್ಕೆ ವರ್ಗವಾಯಿತು. ಅಲ್ಲಿಂದಲೂ ಜನ ಬಂದು ಆ ಕ್ಯಾಸೆಟ್ ಕೇಳುತ್ತಿದ್ದರು. ಹೆಸರು ಯಾರಿಗೂ ಬರುತ್ತಿರಲಿಲ್ಲ. "ಎಮ್ಮಿ ಇರೋ ಇಂಗ್ಲಿಷ್ ಹಾಡು" ಅನ್ನುತ್ತಿದ್ದರು. ಎಷ್ಟು ಕಾಪಿ ಮಾಡಿಕೊಟ್ಟೆನೋ.

ಏಳೆಂಟು ವರ್ಷದ ಮೇಲೆ ಕಾಲೇಜಿಗೆ ಹೊಸದಾಗಿ ಬಂದ ಒಬ್ಬ ಮಾಸ್ತರರು ಹೈದರಾಬಾದಿನಿಂದ ತಂದ ಎರಡು ಕ್ಯಾಸೆಟ್ ಮುಂದಿಟ್ಟರು. ಅದೇ ಚೀಟಿ, ಅದೇ ಹೆಸರು. ಈಗ ಒಂದೇ ಸಲಕ್ಕೆ ಓದಿದೆ.

"ಕೂಡ್ರಿ, ಕೇಳಿ ನೋಡೂಣು," ಅಂತ ಹಾಕಿದೆ. ಒಂದನೇ ಹಾಡು, ಎರಡನೇ ಹಾಡು, ಎರಡರ ಕೊನೆಗೂ ಸೀಟಿಯ ಗದ್ದಲ. ಮೂರು ಮುಗಿಯಿತು. ಮೈಯೆಲ್ಲ ಕಿವಿ ಮಾಡಿಕೊಂಡು ಕೂತೆ.

ಚಪ್ಪಾಳೆ ಬಂತು. ನಿಂತಿತು. ಹಾಡುಗಾರ ಒಮ್ಮೆ ಗಂಟಲು ಸರಿಮಾಡಿಕೊಂಡು ನಾಲ್ಕನೇ ಹಾಡು ಎತ್ತಿದ. ದನ ಕರೆಯುವ ಸೀಟಿ ಇಲ್ಲ. ನಗು ಇಲ್ಲ. ತಿರುಗಿಸಿ ಮತ್ತೆ ಕೇಳಿದೆ. ಅಷ್ಟೇ.

ಆ ಸಣ್ಣ ದನಿಯ ಮನುಷ್ಯ ನನ್ನ ಸ್ಟೂಲಿನ ಮೇಲೆ ಕೂತು, "ಅದ್ರಾಗ ನಾನೂ ಇದ್ದೇರ್ರಿ," ಅಂದದ್ದು ನೆನಪಾಯಿತು. ಟೇಪ್ ಬಂದ್ ಮಾಡಿ ಎರಡೂ ಕ್ಯಾಸೆಟ್ ಮಾಸ್ತರರ ಕೈಗೆ ಕೊಟ್ಟೆ.

"ಯಾಕ್ರೀ, ಏನಾಗೇದ?" ಅಂದರು.

"ಮೋಸ ಹೋಗೀರಿ, ಮಾಸ್ತರ. ಇದು ಡುಪ್ಲಿಕೇಟ್ ಅದ," ಅಂದೆ. "ಇದ್ರಾಗ ಎಮ್ಮಿನೇ ಇಲ್ಲ."