ಆಂಪ್ಲಿಫೈಯರಿನ ಕೀರಲು

ಸುಳ್ಳು ಹೇಳುವುದು ಪಾಪವೆಂದು ನನಗೆ ಗೊತ್ತು. ಆದರೆ ಸಂಸಾರಕ್ಕಾಗಿ ಆಡುವ ಚಿಲ್ಲರೆ ಸುಳ್ಳುಗಳನ್ನು ದೇವರು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ ಎಂದೇ ನಂಬಿಕೊಂಡಿದ್ದೆ. ಊಟ ಆಯ್ತಾ ಎಂದು ಯಾರಾದರೂ ಕೇಳಿದರೆ ಆಗದಿದ್ದರೂ ಆಯ್ತು ಅನ್ನುವುದು, ನಾದಿನಿ ತಂದುಕೊಟ್ಟ ಸೀರೆಯ ಬಣ್ಣ ಕಣ್ಣಿಗೆ ಚುಚ್ಚಿದರೂ ಚೆನ್ನಾಗಿದೆ ಅನ್ನುವುದು, ಇಷ್ಟೂ ಇಲ್ಲದೆ ಮನೆ ನಡೆಯುತ್ತದೆಯೇ? ಸೋಮವಾರ ಒಪ್ಪೊತ್ತು ಇರುವವಳು ನಾನು. ಬೆಳಗ್ಗೆ ಎದ್ದ ಕೂಡಲೇ ಮಾದಪ್ಪನ ಪಟದ ಮುಂದೆ ನಿಂತು, ನಲ್ಲಿಯಲ್ಲಿ ನೀರು ಬಂತು, ಹಾಲು ಒಡೆಯಲಿಲ್ಲ, ಮಂಡಿ ಇವತ್ತೂ ಮಡಿಸಲು ಬಂತು ಎಂದು ಒಂದೊಂದನ್ನೂ ಹೆಸರಿಟ್ಟು ಹೇಳಿ ಕೈಮುಗಿಯುವವಳು. ಇಂಥವಳು ಒಂದು ಆಂಪ್ಲಿಫೈಯರಿನ ವಿಷಯದಲ್ಲಿ ಮೂರು ದಿನ ಹಸಿ ಸುಳ್ಳು ಹೇಳಿದೆ. ಹೇಳಿದ್ದು ಕಟ್ಟಿಕೊಂಡ ಗಂಡನಿಗೆ.

ನಮ್ಮ ಮನೆಯವರು ಗುಂಡ್ಲುಪೇಟೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. ಹಂಗಳ, ಭೀಮನಬೀಡು ಕಡೆಯಿಂದೆಲ್ಲ ಜನ ರೇಡಿಯೋವನ್ನು ಟವೆಲ್ಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದರು. ಇವರು ಮುಚ್ಚಳ ಬಿಚ್ಚುವ ಮೊದಲೇ ಒಂದು ಗಳಿಗೆ ಕಿವಿಗೊಟ್ಟು, ಹೋಗಿರುವುದು ಇಂಥದ್ದೇ ಎಂದು ಹೇಳುತ್ತಿದ್ದರು. ಹೇಳಿದ್ದು ತಪ್ಪುತ್ತಿರಲಿಲ್ಲ. ರೇಡಿಯೋಗಳು ಹೋದವು, ಟೇಪ್ ರೆಕಾರ್ಡರುಗಳು ಹೋದವು, ಕೊನೆಗೆ ಅಂಗಡಿಯೂ ಹೋಯಿತು. ಉಳಿದದ್ದು ಒಂದು ಟ್ರಂಕಿನ ತುಂಬ ಹಳೆಯ ರೇಡಿಯೋಗಳ, ಬಲ್ಬಿನಂಥ ಗಾಜಿನ ವಾಲ್ವುಗಳು ಮತ್ತು ಆ ಕಿವಿಯ ಹೆಸರು.

ಚಾಮರಾಜನಗರದಲ್ಲಿ ಗಿಟಾರ್ ಹೇಳಿಕೊಡುವ, ಮದುವೆ ಆರ್ಕೆಸ್ಟ್ರಾಗಳಲ್ಲಿ ನುಡಿಸುವ ಉಡಿಗಾಲದ ಮಹೇಶ ಆ ಹೆಸರನ್ನು ಹುಡುಕಿಕೊಂಡು ಬಂದ. ಗಿಟಾರಿಗೆ ಸಿಗಿಸುವ ಈಗಿನ ಪೆಟ್ಟಿಗೆಗಳಲ್ಲಿ ಸದ್ದಿದೆ, ಜೀವ ಇಲ್ಲ, ವಾಲ್ವ್ ಹಾಕಿ ಒಂದು ಆಂಪ್ಲಿಫೈಯರ್ ಕಟ್ಟಿಕೊಡಬೇಕು ಎಂದ. ಇವರಿಗೆ ಇಪ್ಪತ್ತು ವರ್ಷ ಇಳಿದ ಹಾಗಾಯಿತು. ಎರಡು ತಿಂಗಳು ಪಡಸಾಲೆಯ ಮೇಜು ಇವರದಾಯಿತು, ಮನೆಯಲ್ಲಿ ಗಂಧದಕಡ್ಡಿಗಿಂತ ಬೆಸುಗೆಯ ಹೊಗೆಯೇ ಹೆಚ್ಚಾಯಿತು. ಪ್ಲಗ್ಗು ಕಿತ್ತ ಮೇಲೂ ಅದರೊಳಗಿನ ಕಂಡೆನ್ಸರಿನಲ್ಲಿ ಕರೆಂಟು ಕೂತಿರುತ್ತದೆ, ಮುಟ್ಟಿದರೆ ಆಳು ಉಳಿಯುವುದಿಲ್ಲ, ಒರೆಸಲು ಹೋಗಬೇಡ ಎಂದು ನನಗೆ ಎಚ್ಚರಿಸಿದ್ದರು. ಇದನ್ನು ತಿಳಿಸಿದ ಮೇಲೆ ಹೆಂಗಸು ನೆಮ್ಮದಿಯಿಂದ ಸಾರು ಕುದಿಸುವುದು ಹೇಗೆ? ಅವರು ಮಧ್ಯಾಹ್ನ ತಟ್ಟೆಯ ಮುಂದೆ ಕೂತ ಮೇಲೆಯೇ ನನ್ನ ಉಸಿರು ಸಲೀಸಾಗುತ್ತಿತ್ತು.

ಒಂದು ಸೋಮವಾರ ಬೆಳಗ್ಗೆ ಪೆಟ್ಟಿಗೆಗೆ ಕುಂಕುಮ ಇಡಿಸಿ ಸ್ವಿಚ್ ಹಾಕಿದರು. ವಾಲ್ವುಗಳು ನಿಧಾನಕ್ಕೆ ಗರ್ಭಗುಡಿಯ ದೀಪದ ಹಾಗೆ ಕೆಂಪಗೆ ಹತ್ತಿಕೊಂಡವು. ನಾನು ಕೈಮುಗಿದೆ. ಅಷ್ಟರಲ್ಲಿ ಅದರೊಳಗಿಂದ ಒಂದು ಕೀರಲು ಹೊರಟಿತು ನೋಡಿ, ಸ್ಟೀಲ್ ತಟ್ಟೆಯ ಮೇಲೆ ಚಾಕು ಎಳೆದ ಹಾಗೆ, ನಿಲ್ಲದೆ. ನನ್ನ ಹಲ್ಲು ಜುಮ್ಮೆಂದವು. ಇವರು ಸ್ಪೀಕರಿನ ಹತ್ತಿರ ಬಗ್ಗಿ, ನನ್ನ ಕಡೆ ತಿರುಗಿ ನಕ್ಕರು. “ಹೆಂಗದ ನೋಡಮ್ಮಿ? ಗಿಟಾರ್ ನುಡಿಸ್ದೆ ಇದ್ದಾಗ ಹಿಂಗೇ ಇರ್ಬೇಕು, ಒಂದ್ ಚೂರು ಸದ್ದಿಲ್ಲ. ಅಲ್ವಾ?”

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಮುಖ ನೋಡಿದೆ. ತಮಾಷೆಯಾಗಿರಲಿಲ್ಲ.

ಆಗ ಒಂದೊಂದೇ ನೆನಪಾಯಿತು. ಮೂರು ವಿಷಲ್ಲಿಗೆ ಕುಕ್ಕರ್ ಇಳಿಸಿ ಎಂದು ಹೇಳಿ ದೇವಸ್ಥಾನಕ್ಕೆ ಹೋಗಿ ಬಂದರೆ ಬೇಳೆ ಕರಕಲಾಗಿದ್ದದ್ದು, ಪಕ್ಕದಲ್ಲಿಟ್ಟ ಫೋನು ಬಡಕೊಂಡು ಬಡಕೊಂಡು ಸುಮ್ಮನಾಗುತ್ತಿದ್ದದ್ದು. ಮೂವತ್ತೆರಡು ವರ್ಷದಿಂದ ಈ ಮನುಷ್ಯ ನಾನು ಹೇಳಿದ್ದು ಕೇಳುವುದಿಲ್ಲ ಎಂದು ಊರೆಲ್ಲ ದೂರಿದ್ದೇನೆ. ಅದರಲ್ಲಿ ಸ್ವಭಾವ ಎಷ್ಟು, ಕಾಯಿಲೆ ಎಷ್ಟು, ಈಗ ಯಾವ ಡಾಕ್ಟರು ಬೇರ್ಪಡಿಸಿ ಹೇಳಿಯಾರು?

“ಸದ್ದೇ ಇಲ್ಲ ಕಣ್ರಿ” ಅಂದೆ.

ಯಾಕೆ ಹಾಗಂದೆ ಎಂದರೆ, ಕಿವಿಯಿಂದ ಹೆಸರು ಮಾಡಿದವರಿಗೆ ನಿಮ್ಮ ಕಿವಿ ಹೋಗಿದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅಂಗಡಿ ಮುಚ್ಚಿದ ದಿನ ಬೀಗದ ಕೈಯನ್ನು ಅಂಗೈಯಲ್ಲಿಟ್ಟುಕೊಂಡು ಜಗುಲಿಯಲ್ಲಿ ಕೂತಿದ್ದನ್ನು ನೋಡಿದವಳು ನಾನು. ಇನ್ನೊಂದು ಸಲ ಅದನ್ನು ನೋಡುವುದು ಬೇಡವಾಗಿತ್ತು. ಬೆಳಗಾಗುವುದರೊಳಗೆ ಮಾದಪ್ಪನೇ ಸರಿಮಾಡಿಕೊಡಲಿ ಎಂದು ಪೆಟ್ಟಿಗೆಯ ಮೇಲೆ ವಿಭೂತಿಯನ್ನೂ ಎಳೆದೆ. ಮಾದಪ್ಪ ರೇಡಿಯೋ ಕೆಲಸಕ್ಕೆ ಕೈ ಹಾಕುವುದಿಲ್ಲವೆಂದು ಕಾಣುತ್ತದೆ. ಮಂಗಳವಾರವೂ ಕೀರಿತು, ಬುಧವಾರವೂ ಕೀರಿತು. ಬೆಳಗ್ಗೆ ಸಂಜೆ ಇವರು ಸ್ವಿಚ್ ಹಾಕುವುದು, ಏನಾದ್ರೂ ಕೇಳ್ಸ್ತದಾ ಎಂದು ನನ್ನನ್ನು ಕೇಳುವುದು, ನಾನು ಇಲ್ಲ ಅನ್ನುವುದು. ಆಚೆ ಮನೆಯ ಜಯಮ್ಮ ಗೋಡೆಯ ಮೇಲಿಂದ, ಏನಕ್ಕ ಅದು ಸದ್ದು ಎಂದು ವಿಚಾರಿಸಿದಳು. ನೀರಿನ ಮೋಟಾರ್ ಕೆಟ್ಟಿದೆ ಅಂದೆ. ನಮ್ಮ ಮನೆಯಲ್ಲಿ ಮೋಟಾರೇ ಇಲ್ಲ.

ಗುರುವಾರ ಮಹೇಶ ಗಿಟಾರ್ ಹೊತ್ತು ಬಸ್ಸಿಳಿದು ಬಂದ. ಇವರು ಹೊಸ ಪಂಚೆ ಉಟ್ಟಿದ್ದರು. ಸ್ವಿಚ್ ಹಾಕಿದರು. ವಾಲ್ವುಗಳು ಕಾದವು. ಮಹೇಶ ಎರಡೂ ಕಿವಿ ಮುಚ್ಚಿಕೊಂಡ.

“ಆಫ್ ಮಾಡಣ್ಣ, ಕಿವಿ ತೂತಾಯ್ತದ.”

“ಯಾಕ್ಲಾ? ಏನಾಗದ?”

“ಈ ಪಾಟಿ ಕೀರ್ತಾ ಅದಲ್ಲಣ್ಣ. ನಿಂಗ ಕೇಳ್ತಿಲ್ವಾ?”

ಇವರು ಅವನನ್ನು ನೋಡಲಿಲ್ಲ. ನನ್ನನ್ನು ನೋಡಿದರು. “ನಿಂಗ ಕೇಳ್ತಿತ್ತಾ?”

“ಕೇಳ್ತಿತ್ತು.”

“ಯಾವತ್ತಿಂದ?”

“ಮೊದಲ್ನೇ ದಿನದಿಂದ.”

ಸ್ವಿಚ್ ಆರಿಸಿ ಸ್ಟೂಲಿನ ಮೇಲೆ ಕೂತರು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಮೇಜಿಗೆ ಹೇಳುವ ಹಾಗೆ ಹೇಳಿದರು. “ಮಾತು ಕೇಳ್ತದ, ಕೀರೋ ಸದ್ದು ಕೇಳ್ತಿಲ್ಲ ಅಂತ ವರ್ಷದಿಂದ ಗೊತ್ತಿತ್ತು ನಂಗ. ಅದ್ಕೇ ದಿನಾ ನಿನ್ನ ಕೇಳ್ತಿದ್ದದ್ದು.”

ಅವರ ಕಿವಿ ಹೋಗಿರುವುದನ್ನು ಅವರಿಂದಲೇ ಮುಚ್ಚಿಟ್ಟು ನಾನು ಅವರನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ. ಅವರು ಅದನ್ನು ನನ್ನಿಂದ ಮುಚ್ಚಿಟ್ಟು, ನನ್ನ ಕಿವಿಯನ್ನು ನಂಬಿ ಕೆಲಸ ಮಾಡುತ್ತಿದ್ದರು. ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಮಾತನ್ನು ನಂಬಿದ್ದರು, ಆಗಲೇ ನಾನು ಸುಳ್ಳು ಹೇಳಿದ್ದೆ.

ಆಮೇಲೆ ಎದ್ದರು. ಗೌರಿಹಬ್ಬದ ಬಾಗಿನಕ್ಕೆಂದು ಎತ್ತಿಟ್ಟಿದ್ದ ಹೊಸ ಮೊರದಿಂದ ಉದ್ದನೆಯ ಒಂದು ಬಿದಿರು ಸೀಳನ್ನು ಕಿತ್ತರು. ಬೇರೆ ದಿನವಾಗಿದ್ದರೆ ರಂಪ ಮಾಡುತ್ತಿದ್ದೆ. ಪೆಟ್ಟಿಗೆಯನ್ನು ಬೋರಲು ಹಾಕಿ, ಕರೆಂಟು ಕೊಟ್ಟು, ಶಾಕ್ ಹೊಡೆಯದಿರಲೆಂದು ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಲಗೈಯ ಬಿದಿರು ಕಡ್ಡಿಯಿಂದ ಒಂದೊಂದೇ ತಂತಿಯನ್ನು ಒತ್ತುತ್ತ ಹೋದರು. ಸದ್ದಿದ್ದರೆ ಕೈ ಎತ್ತು, ನಿಂತರೆ ಇಳಿಸು ಎಂದು ನನಗೆ ಅಪ್ಪಣೆಯಾಗಿತ್ತು. ಎಷ್ಟೋ ಹೊತ್ತು, ಶಾಲೆಯಲ್ಲಿ ಉತ್ತರ ಗೊತ್ತಿರುವ ಹುಡುಗಿಯ ಹಾಗೆ ಕೈ ಎತ್ತಿಕೊಂಡೇ ನಿಂತಿದ್ದೆ. ಒಂದು ಹಸಿರು ತಂತಿ ಇನ್ನೊಂದಕ್ಕೆ ಒರಗಿಕೊಂಡು ಮಲಗಿತ್ತು. ಅದನ್ನು ಬೆರಳಗಲ ಸರಿಸಿದ್ದೇ ತಡ, ಕೀರಲು ಕತ್ತರಿಸಿದ ಹಾಗೆ ನಿಂತಿತು. ನನ್ನ ಕೈ ಇಳಿಯಿತು. ತಂತಿಯನ್ನು ವಾಪಸು ತಳ್ಳಿದರು, ಕೈ ಎದ್ದಿತು. ಸರಿಸಿದರು, ಇಳಿಯಿತು. ನಾಲ್ಕು ಸಲ ಹೀಗಾಯಿತು. ಆಮೇಲೆ ಮಹೇಶನ ಕಡೆ ತಿರುಗಿ ಕೇಳಿದರು. “ಇವ್ಳು ಯೋಳ್ತಿರೋದು ದಿಟವಾ?”

“ದಿಟ ಕಣಣ್ಣ” ಎಂದ ಮಹೇಶ, ನನ್ನ ಮುಖ ನೋಡದೆ.

ತಂತಿ ಗಿಡ್ಡ ಮಾಡಿ ಬೆಸೆದರು. ಮಹೇಶ ನುಡಿಸಿದ. ಇವರು ಪೆಟ್ಟಿಗೆಯ ಮೇಲೆ ಅಂಗೈ ಊರಿ, ಕೈಯಿಂದಲೇ ಕೇಳಿಸಿಕೊಳ್ಳುವವರ ಹಾಗೆ ನಿಂತಿದ್ದರು. ನಾನು ಒಳಗೆ ಹೋಗಿ ಕಾಫಿಗಿಟ್ಟೆ.

ಮಾರನೆಯ ವಾರ ಚಾಮರಾಜನಗರದ ಆಸ್ಪತ್ರೆಗೆ ಕಿವಿ ತೋರಿಸಲು ಕರೆದುಕೊಂಡು ಹೋದೆ. ಗಾಜಿನ ಕಿಟಕಿಯಿದ್ದ ಒಂದು ಪುಟ್ಟ ಕೋಣೆಯಲ್ಲಿ ಇವರನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಕೈ ಎತ್ತಬೇಕೆಂದು ಹೇಳಿದರು. ಈಚೆ ಯಂತ್ರದ ಮುಂದೆ ಒಬ್ಬ ಹುಡುಗಿ, ಅವಳ ಪಕ್ಕದ ಸ್ಟೂಲಿನಲ್ಲಿ ನಾನು. ಅವಳು ಗುಂಡಿ ಒತ್ತಿದಾಗಲೆಲ್ಲ ಯಂತ್ರದಲ್ಲೊಂದು ಕೆಂಪು ದೀಪ ಹತ್ತುತ್ತಿತ್ತು. ಇವರು ಒಂದನ್ನೂ ಬಿಡದೆ ಕೈ ಎತ್ತಿದರು. ಹುಡುಗಿ ಕಾಗದದ ಮೇಲೆ ಗೆರೆ ಎಳೆಯುತ್ತ, ಯಜಮಾನ್ರ ಕಿವಿ ಚೆನ್ನಾಗೇ ಇದೆಯಲ್ಲಮ್ಮ ಅಂದಳು. ನನ್ನ ಕಣ್ಣಲ್ಲಿ ನೀರು ಬಂತು. ಅವಳು ಇನ್ನೊಮ್ಮೆ ಗುಂಡಿ ಒತ್ತಿ, ಏನೋ ಅನುಮಾನ ಬಂದವಳಂತೆ ನನ್ನ ಕಡೆ ತಿರುಗಿದಳು. ದೀಪದ ಜೊತೆಗೆ ನನ್ನ ಬಲಗೈಯೂ, ನನಗೇ ತಿಳಿಯದೆ, ಮೇಲೆದ್ದಿತ್ತು. ಗಾಜಿನ ಆಚೆ, ನನ್ನನ್ನೇ ನೋಡುತ್ತಿದ್ದ ಇವರ ಕೈಯೂ ಮೇಲಿತ್ತು.

ಆ ಹುಡುಗಿ ಎದ್ದಳು. ನನ್ನ ಸ್ಟೂಲನ್ನು ಗೋಡೆಯ ಕಡೆಗೆ ತಿರುಗಿಸಿ, ಪರೀಕ್ಷೆಯನ್ನು ಮೊದಲಿನಿಂದ ಶುರುಮಾಡಿದಳು. ಈ ಸಲ ಗೆರೆ ಇಳಿಯುತ್ತ ಇಳಿಯುತ್ತ ಹೋಗಿತ್ತೆಂದು ಆಮೇಲೆ ಚೀಟಿ ನೋಡಿದಾಗ ತಿಳಿಯಿತು. ಅಲ್ಲಿಯವರೆಗೆ ಬೆನ್ನ ಹಿಂದೆ ಗುಂಡಿಯ ಟಕ್ ಟಕ್ ಮಾತ್ರ ಕೇಳುತ್ತಿತ್ತು. ಒಂದೊಂದು ಟಕ್ಕಿಗೂ ಮೇಲೇಳಲು ಹವಣಿಸುತ್ತಿದ್ದ ಬಲಗೈಯ ಮೇಲೆ ನಾನೇ ಕೂತಿದ್ದೆ.